ಲ್ಯಾಪ್‌ಟಾಪ್‌ಗೆ ವಯಸ್ಸಾಯಿತೆಂದು ಹೇಳಿದವರು ಯಾರು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಮರುದಿನ ಬೆಳಿಗ್ಗೆ ಅದೇ ಕಂಪ್ಯೂಟರುಗಳು ಎಂದಿನಂತೆ ಆನ್ ಆದವು. ಅಂಗಡಿಗಳಲ್ಲಿ ಟ್ಯಾಲಿ ತೆರೆಯಿತು, ಜೆರಾಕ್ಸ್ ಅಂಗಡಿಯ ಪ್ರಿಂಟರು ಆಧಾರ್ ಪ್ರತಿಗಳನ್ನು ಉಗುಳಿತು. ಯಾವ ಭಾಗವೂ ಸವೆದಿರಲಿಲ್ಲ, ಯಾವ ಚಿಪ್ಪೂ ಸುಟ್ಟಿರಲಿಲ್ಲ. ಆದರೂ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿರುವ ಮನೆಗಳಿಗೆ ಆಗಿನಿಂದ ಫೋನುಗಳು ಬರುತ್ತಲೇ ಇವೆ: 'ಏನಪ್ಪಾ, ಸ್ಕ್ರೀನ್ ಮೇಲೆ ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಬರ್ತಾ ಇದೆಯಲ್ಲ, ಇದನ್ನ ಎಸೀಬೇಕಾ?' ಕೇಳುವ ಚಿಕ್ಕಪ್ಪ, ಸೋದರತ್ತೆಯರಿಗೆ ನಾವು ಓದುತ್ತಿರುವುದು ಸಿವಿಲ್ಲೋ ಕೆಮಿಕಲ್ಲೋ ಎಂಬುದು ಮುಖ್ಯವಲ್ಲ. ಎಂಜಿನಿಯರಿಂಗ್ ಅಂದರೆ ಕಂಪ್ಯೂಟರ್ ರಿಪೇರಿ, ಅಷ್ಟೆ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಆದ್ದರಿಂದ ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ: ಬಹುಪಾಲು ಸಂದರ್ಭಗಳಲ್ಲಿ ಎಸೆಯಬೇಕಿಲ್ಲ. ಹಾಗಂತ ಏನೂ ಆಗಿಲ್ಲ ಎಂಬಂತೆ ಸುಮ್ಮನೆ ಬಳಸುತ್ತಲೂ ಇರಬಾರದು. ಈ ಎರಡರ ನಡುವೆ ಏನಿದೆ ಎಂಬುದನ್ನು ಸುದ್ದಿಗಳು ಬಿಡಿಸಿ ಹೇಳಲಿಲ್ಲ.

ಮೊದಲು, ನಿಂತದ್ದೇನು ಎಂದು ನೋಡೋಣ. ವಿಂಡೋಸಿನಂಥ ತಂತ್ರಾಂಶದಲ್ಲಿ ಕೋಟಿಗಟ್ಟಲೆ ಸಾಲುಗಳ ಕೋಡ್ ಇರುತ್ತದೆ. ಅದರಲ್ಲಿ ತೂತುಗಳು ಸಿಗುತ್ತಲೇ ಇರುತ್ತವೆ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಅವುಗಳಿಗೆ ತೇಪೆ ಬಿಡುಗಡೆ ಮಾಡುತ್ತದೆ. ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಈ ತೇಪೆ ನಿಂತಿದೆ. ಅಪಾಯ ನಿಧಾನವಾಗಿ ಬೆಳೆಯುವಂಥದ್ದು. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹುಮಟ್ಟಿಗೆ ಒಂದೇ. ಹನ್ನೊಂದಕ್ಕೆ ತೇಪೆ ಬಂದ ದಿನವೇ ದಾಳಿಕೋರರು ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಬದಲಾಗಿದೆ ಎಂದು ಹುಡುಕುತ್ತಾರೆ. ಬದಲಾದ ಜಾಗವೇ ತೂತಿನ ವಿಳಾಸ. ಅದೇ ತೂತು ಹತ್ತರಲ್ಲೂ ಇದ್ದರೆ, ಅಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕೊಟ್ಟಿತು. ಆದರೆ ಗಮನಿಸಿ: ಅಂದು ಸೋಂಕು ತಗುಲಿದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7. ಅದಕ್ಕೆ ಎರಡು ತಿಂಗಳ ಹಿಂದೆಯೇ ತೇಪೆ ಬಂದಿತ್ತು, ಜನ ಹಾಕಿಕೊಂಡಿರಲಿಲ್ಲ. 'ಆಮೇಲೆ ನೆನಪಿಸು' ಎಂಬ ಬಟನ್ ಒತ್ತುತ್ತಾ ತಿಂಗಳು ದೂಡುವವರಿಗೆ ವಿಂಡೋಸ್ 11 ಇದ್ದರೂ ರಕ್ಷಣೆಯಿಲ್ಲ.

ಬಾಗಿಲಲ್ಲಿ ನಿಲ್ಲಿಸಿದ್ದು ಯಾರನ್ನು?

'ಹಾಗಾದರೆ ಹನ್ನೊಂದು ಹಾಕಿಕೊಂಡರಾಯಿತಲ್ಲ' ಎಂದರೆ, ಕೋಟ್ಯಂತರ ಯಂತ್ರಗಳಿಗೆ ಅದು ಹಿಡಿಸುವುದೇ ಇಲ್ಲ ಎಂದು ಕಂಪನಿ ಹೇಳುತ್ತದೆ. 2021ರ ಜೂನ್‌ನಲ್ಲಿ ವಿಂಡೋಸ್ 11 ಪ್ರಕಟವಾದಾಗ ಎಲ್ಲರ ಬಾಯಲ್ಲೂ ಟಿಪಿಎಂ ಎಂಬ ಮೂರಕ್ಷರ ಕೇಳಿಬಂತು. ಪಾಸ್‌ವರ್ಡು, ಡಿಸ್ಕಿನ ಗೂಢಲಿಪಿಯ ಕೀಲಿ ಇತ್ಯಾದಿಗಳನ್ನು ಮುಖ್ಯ ಪ್ರೊಸೆಸರಿನ ಕೆಲಸದಿಂದ ಪ್ರತ್ಯೇಕವಾಗಿ ಕಾಪಾಡುವ ಚಿಪ್ಪು ಅದು. ಕೆಲವು ಯಂತ್ರಗಳಲ್ಲಿ ಅದು ಬೇರೆ ಚಿಪ್ಪಲ್ಲ, ಪ್ರೊಸೆಸರಿನೊಳಗೇ ಅಡಗಿರುತ್ತದೆ. ಸಂಗತಿಯೆಂದರೆ, ಹೊಸ ವಿಂಡೋಸ್ 10 ಕಂಪ್ಯೂಟರುಗಳಲ್ಲಿ ಟಿಪಿಎಂ 2.0 ಇರಲೇಬೇಕೆಂದು ಮೈಕ್ರೋಸಾಫ್ಟ್ 2016ರ ಜುಲೈನಿಂದಲೇ ತಯಾರಕರಿಗೆ ಹೇಳಿತ್ತು. ಹಾಗಾಗಿ ಆಮೇಲೆ ಕೊಂಡ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಅದು ಇದ್ದೇ ಇದೆ. ಅವನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಇನ್ನೊಂದು ಷರತ್ತು: ಪ್ರೊಸೆಸರುಗಳ ಪಟ್ಟಿ. ಇಂಟೆಲ್ ಆದರೆ 2017ರಲ್ಲಿ ಶುರುವಾದ ಎಂಟನೇ ತಲೆಮಾರು, ಎಎಂಡಿ ಆದರೆ ರೈಜೆನ್ 2000 ಸರಣಿ. ಅಲ್ಲಿಂದೀಚೆಗೆ ಮಾತ್ರ ಪ್ರವೇಶ.

ಕಾಗದದ ಮೇಲೆ ಇದು ಸಮಂಜಸವಾಗಿ ಕಾಣುತ್ತದೆ, ಅಂಗಡಿಯಲ್ಲಿ ಅಲ್ಲ. ಇಂಟೆಲ್ ಕೋರ್ ಐ3-7020ಯು ಎಂಬ ಚಿಪ್ಪು ಬಂದದ್ದು 2018ರಲ್ಲಿ, ಎಂಟನೇ ತಲೆಮಾರು ಶುರುವಾದ ಮೇಲೆ. ಆದರೆ ಅದು ಏಳನೇ ತಲೆಮಾರಿನದು. ಅಗ್ಗದ ಲ್ಯಾಪ್‌ಟಾಪುಗಳಿಗಾಗಿ ಮಾಡಿದ ಚಿಪ್ಪು. ನಮ್ಮಲ್ಲಿ ಅಂಥವೇ ಹೆಚ್ಚು ಖರ್ಚಾಗುವುದು. ಮಗಳು ಪಿಯುಸಿ ಮುಗಿಸಿದಳೆಂದು 2019ರಲ್ಲಿ ಅಂಥದೊಂದನ್ನು ಕೊಂಡ ತಂದೆಗೆ, ಅವಳ ಪದವಿ ಮುಗಿಯುವ ಮೊದಲೇ 'ನಿಮ್ಮ ಯಂತ್ರ ಅರ್ಹವಲ್ಲ' ಎಂಬ ಉತ್ತರ ಬಂತು. ದುಬಾರಿ ಮಾದರಿ ಕೊಂಡವರು ಪಾರಾದರು. ಇಂಥ ನಿಯಮಗಳ ಪೆಟ್ಟು ಬೀಳುವುದು ಯಾವಾಗಲೂ ಕಡಿಮೆ ಬೆಲೆಯ ಸಾಲಿನ ಮೇಲೆ.

ಕಂಪನಿಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ವಿಂಡೋಸ್ 11ರಲ್ಲಿ ಭದ್ರತೆಗಾಗಿ ಕೋಡಿನ ಒಂದು ಭಾಗವನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ನಡೆಸುವ ವ್ಯವಸ್ಥೆಯಿದೆ. ಹೊಸ ಪ್ರೊಸೆಸರುಗಳಲ್ಲಿ ಅದಕ್ಕೆ ಬೇಕಾದ ಸರ್ಕೀಟು ಚಿಪ್ಪಿನೊಳಗೇ ಇದೆ. ಹಳೆಯವುಗಳಲ್ಲಿ ಅದೇ ಕೆಲಸವನ್ನು ತಂತ್ರಾಂಶ ಹೊರಬೇಕು, ವೇಗ ಕುಗ್ಗುತ್ತದೆ. ಪಟ್ಟಿಯಲ್ಲಿಲ್ಲದ ಯಂತ್ರಗಳು ಪರೀಕ್ಷೆಯಲ್ಲಿ ಶೇ 52ರಷ್ಟು ಹೆಚ್ಚು ಬಾರಿ ಕುಸಿದವು ಎಂದೂ ಮೈಕ್ರೋಸಾಫ್ಟ್ ಹೇಳಿದೆ. ಸರಿ. ಆದರೆ ಆ ಸರ್ಕೀಟು ಇಂಟೆಲಿನ ಏಳನೇ ತಲೆಮಾರಿನಲ್ಲೇ ಬಂದಿತ್ತಲ್ಲ? 2021ರ ಆಗಸ್ಟ್‌ನಲ್ಲಿ ಪಟ್ಟಿ ತಿದ್ದಿದಾಗ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್ಪೊಂದು ಒಳಗೆ ಬಂತು. ಅದಕ್ಕೆ ಕಂಪನಿ ಕೊಟ್ಟ ಉದಾಹರಣೆ ಮೈಕ್ರೋಸಾಫ್ಟೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಯಂತ್ರ. ಅದೇ ತಲೆಮಾರಿನ ಐ3 ಹೊರಗೇ ಉಳಿಯಿತು.

ನಿಜವಾದ ತಾಂತ್ರಿಕ ಗಡಿ ಹೇಗಿರುತ್ತದೆ ಎಂಬುದಕ್ಕೂ ವಿಂಡೋಸ್ 11ರಲ್ಲೇ ಉದಾಹರಣೆಯಿದೆ. 2024ರ ಆವೃತ್ತಿಗೆ 'ಪಾಪ್‌ಕೌಂಟ್' ಎಂಬ ಆದೇಶ ಗೊತ್ತಿರುವ ಪ್ರೊಸೆಸರ್ ಬೇಕು. ಗೊತ್ತಿಲ್ಲದಿದ್ದರೆ ಯಂತ್ರ ಬೂಟ್ ಆಗುವುದೇ ಇಲ್ಲ. ಇಂಟೆಲ್ ಚಿಪ್ಪುಗಳಿಗೆ ಅದು ಗೊತ್ತಿರುವುದು 2008ರಿಂದ. ಯಂತ್ರದ ಗಡಿ 2008, ಕಂಪನಿಯ ಗಡಿ 2017. ನಡುವಿನ ಒಂಬತ್ತು ವರ್ಷಗಳ ಅಂತರಕ್ಕೆ ಕಾರಣ ಪ್ರಯೋಗಾಲಯ ಮಾತ್ರವಲ್ಲ, ವ್ಯಾಪಾರದ ಲೆಕ್ಕಾಚಾರವೂ ಹೌದು ಎಂಬುದು ನನ್ನ ಅಭಿಪ್ರಾಯ.

ಇನ್ನು ತೇಪೆಯ ಬೆಲೆ ನೋಡಿ. ವಿಂಡೋಸ್ 10ಕ್ಕೆ ತೇಪೆ ತಯಾರಾಗುವುದು ನಿಂತಿಲ್ಲ, ಎಲ್ಲರಿಗೂ ಕೊಡುವುದು ನಿಂತಿದೆ. ಮನೆಬಳಕೆದಾರರು ವಿಸ್ತರಿತ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ ಎಂದು ಕಂಪನಿ ಪ್ರಕಟಿಸಿತು. ಅದಕ್ಕೆ 30 ಡಾಲರ್ ಕೊಡಬೇಕು, ಇಲ್ಲವೇ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಬ್ಯಾಕಪ್ ಇಡಬೇಕು. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಶಾಲಾ ಕಾಲೇಜುಗಳಿಗೆ 1 ಡಾಲರ್. ಗ್ರಾಹಕ ಸಂಘಟನೆಗಳ ಒತ್ತಡದ ಮೇಲೆ ಯುರೋಪಿಯನ್ ಆರ್ಥಿಕ ವಲಯದ ಮನೆಬಳಕೆದಾರರಿಗೆ ಉಚಿತ. ಯಂತ್ರೋಪಕರಣಗಳಲ್ಲಿ ಬಳಸುವ ಐಒಟಿ ಎಲ್‌ಟಿಎಸ್‌ಸಿ ಎಂಬ ಆವೃತ್ತಿಗೆ 2032ರ ಜನವರಿವರೆಗೂ ಬೆಂಬಲವಿದೆ. ಅಂದಮೇಲೆ ವಿಂಡೋಸ್ 10 ಮುದಿಯಾಗಿದೆ ಎಂಬ ಮಾತಿಗೆ ಅರ್ಥವೇನು?

ನಿಧಾನವಾಗಿದ್ದರೆ ತಪ್ಪು ಯಾರದು?

'ಅದೆಲ್ಲ ಇರಲಿ, ನನ್ನ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಮುಗಿದಿರುತ್ತದೆ' ಎನ್ನುವವರಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಅಪರಾಧಿ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ಡು ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಒಂದು ತುಣುಕಿಗೆ ಸುಮಾರು 15 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ಚದುರಿಬಿದ್ದ ತುಣುಕುಗಳನ್ನು ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಮಾತ್ರ ಓದಬಹುದು. ವಿಂಡೋಸ್ ಶುರುವಾಗುವಾಗ ಓದಬೇಕಾದ್ದು ಸಾವಿರಾರು ಸಣ್ಣ ತುಣುಕುಗಳು. ಪ್ರೊಸೆಸರ್ ಅಷ್ಟು ಹೊತ್ತೂ ಕೈಕಟ್ಟಿ ಕೂತಿರುತ್ತದೆ.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಒಂದು ತುಣುಕನ್ನು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲೋ ಅದಕ್ಕೂ ಬೇಗನೋ ತಲುಪಬಹುದು. ನೂರು ಪಟ್ಟಿಗೂ ಮಿಕ್ಕಿದ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆರನೇ ತಲೆಮಾರಿನ ಐ5 ಲ್ಯಾಪ್‌ಟಾಪಿನಿಂದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮನ್ನು 8 ಮಾಡಿದರೆ, ಬ್ರೌಸರು, ವರ್ಡು, ಎಕ್ಸೆಲ್ಲು, ಆನ್‌ಲೈನ್ ತರಗತಿಗಳಿಗೆ ಅದು ಧಾರಾಳ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿರುವವರಿಗೆ ಇದು ನೀವು ಎದುರಿಗೆ ನಿಂತಿರುವಾಗಲೇ ಮುಗಿಸುವ ಕೆಲಸ. ತಾಲ್ಲೂಕು ಕೇಂದ್ರಗಳಲ್ಲೂ ಈಗ ಮಾಡುವವರಿದ್ದಾರೆ.

ಹಳೆಯದನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಹುಟ್ಟಿಕೊಂಡಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೆಮೊರಿ ಚಿಪ್ಪು ತಯಾರಿಸುವ ಮೈಕ್ರಾನ್ ಕಂಪನಿ, ನಮ್ಮಂಥ ವಿದ್ಯಾರ್ಥಿಗಳು ನೆಚ್ಚಿಕೊಂಡಿದ್ದ 'ಕ್ರೂಶಿಯಲ್' ಬ್ರಾಂಡಿನ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ದೊಡ್ಡ ಗಿರಾಕಿಗಳಿಗೆ ಮಾರುವುದರಲ್ಲೇ ಲಾಭ ಹೆಚ್ಚು. ಹಾಗಾಗಿ ಮೂಲೆಯಲ್ಲಿ ಬಿದ್ದಿರುವ ಹಳೆಯ ರ‍್ಯಾಮ್ ಪಟ್ಟಿಯನ್ನು ಗುಜರಿಗೆ ಹಾಕುವ ಕಾಲ ಇದಲ್ಲ.

ಲಿನಕ್ಸ್ ಎಂಬ ದಾರಿ, ನುಡಿ ಎಂಬ ಅಡ್ಡಗಲ್ಲು

ಯಂತ್ರ ಚುರುಕಾಯಿತು, ತೇಪೆ ಬರುವ ತಂತ್ರಾಂಶ ಬೇಕಲ್ಲ? ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಉಚಿತ ಲಿನಕ್ಸ್ ಇದೆ. ಅದರ ಒಂದು ರೂಪವಾದ ಉಬುಂಟು 24.04ಕ್ಕೆ ಐದು ವರ್ಷ ಉಚಿತ ತೇಪೆ ಖಾತ್ರಿ. ಲಿನಕ್ಸ್ ಮಿಂಟ್ ವಿಂಡೋಸ್ ನೋಡಿ ಅಭ್ಯಾಸವಾದ ಕಣ್ಣಿಗೆ ಹೊಸದಾಗಿ ಕಾಣುವುದಿಲ್ಲ. ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಸುತ್ತಿದೆ. ಪೈಥಾನ್, ಸಿ, ಕೀಕ್ಯಾಡ್, ಮ್ಯಾಟ್‌ಲ್ಯಾಬ್ ಎಲ್ಲವೂ ಲಿನಕ್ಸಿನಲ್ಲಿ ಓಡುವುದರಿಂದ ನನ್ನ ವಿಭಾಗದವರಿಗೆ ತೊಂದರೆಯಿಲ್ಲ. ಸಾಲಿಡ್‌ವರ್ಕ್ಸ್ ಬೇಕಾದ ಮೆಕ್ಯಾನಿಕಲ್ ಗೆಳೆಯರಿಗೆ ತೊಂದರೆಯಿದೆ. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಲಿನಕ್ಸ್ ಪ್ರಿಯರು ಅದರ ಬಗ್ಗೆ ಮಾತಾಡುವುದೇ ಕಡಿಮೆ. ನಮ್ಮ ಡಿಟಿಪಿ ಅಂಗಡಿಗಳು, ಮದುವೆ ಪತ್ರಿಕೆ ಮಾಡುವವರು, ಎಷ್ಟೋ ಮುದ್ರಣಾಲಯಗಳು ಇಂದಿಗೂ ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ ಕೆಲಸ ಮಾಡುತ್ತವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಗಿದೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡ ಯುನಿಕೋಡಿಗೆ ಸೇರಿದ್ದು 1991ರಲ್ಲೇ ಆದರೂ, ಇಪ್ಪತ್ತೈದು ಮೂವತ್ತು ವರ್ಷಗಳ ಕಡತಗಳು ಹೀಗೆ ಹಳೆಯ ಸಂಕೇತದಲ್ಲೇ ಉಳಿದಿವೆ. ಅಂಥ ಅಂಗಡಿಯವರಿಗೆ 'ಲಿನಕ್ಸ್ ಹಾಕ್ಕೊಳ್ಳಿ ಸ್ವಾಮಿ' ಎನ್ನುವುದು ಸಲಹೆಯಲ್ಲ, ಹಿಂಸೆ. ಅವರು ಆ ಹಳೆಯ ಯಂತ್ರವನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ ಡಿಟಿಪಿಗೆ ಮಾತ್ರ ಇಟ್ಟುಕೊಂಡು, ಬ್ಯಾಂಕು, ಇಮೇಲಿಗೆ ಬೇರೆಯದನ್ನು ಬಳಸುವುದು ಮೇಲು. ಪೆನ್‌ಡ್ರೈವಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ಯುನಿಕೋಡಿನಲ್ಲಿ ಬರೆಯುವವರಿಗೆ ಈ ಗೋಜಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಎಐ ಪಿಸಿ ಬೇಕೇ?

ಇಷ್ಟೆಲ್ಲದರ ನಡುವೆ ಅಂಗಡಿಯ ಗಾಜಿನ ಮೇಲೆ ಹೊಸ ಸ್ಟಿಕ್ಕರ್ ಬಂದಿದೆ: ಎಐ ಪಿಸಿ. 2024ರ ಮೇನಲ್ಲಿ ಮೈಕ್ರೋಸಾಫ್ಟ್ 'ಕೋಪೈಲಟ್ ಪ್ಲಸ್' ಎಂಬ ವರ್ಗ ಸೃಷ್ಟಿಸಿತು. ಅದಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಎನ್‌ಪಿಯು ಎಂಬ ವಿಶೇಷ ಭಾಗ ಬೇಕು. ಸಂಖ್ಯೆ ದೊಡ್ಡದು, ನಿಜ. ಆದರೆ ಚಾಟ್‌ಜಿಪಿಟಿಗೋ ಜೆಮಿನೈಗೋ ನೀವು ಪ್ರಶ್ನೆ ಕೇಳಿದಾಗ ಲೆಕ್ಕ ನಡೆಯುವುದು ಎಲ್ಲೋ ಇರುವ ಡೇಟಾ ಸೆಂಟರಿನಲ್ಲಿ, ನಿಮ್ಮ ತೊಡೆಯ ಮೇಲಲ್ಲ. ಆ ಉತ್ತರ ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲೂ ಅಷ್ಟೇ ಬೇಗ ಬರುತ್ತದೆ. ಎನ್‌ಪಿಯು ದುಡಿಯುವುದು ವಿಡಿಯೊ ಕರೆಯ ಹಿನ್ನೆಲೆ ಮಸುಕು ಮಾಡುವುದು, ತತ್‌ಕ್ಷಣದ ಉಪಶೀರ್ಷಿಕೆ ಇಂಥ ಕೆಲಸಗಳಿಗೆ. ಈ ವರ್ಗದ ಮುಖ್ಯ ಆಕರ್ಷಣೆಯಾಗಿ ತೋರಿಸಿದ್ದು 'ರೀಕಾಲ್'. ಕೆಲವು ಸೆಕೆಂಡಿಗೊಮ್ಮೆ ಸ್ಕ್ರೀನಿನ ಚಿತ್ರ ತೆಗೆದು ನೆನಪಿಟ್ಟುಕೊಳ್ಳುವ ಸೌಲಭ್ಯ. ಅದು ಕೂಡಿಡುವ ಮಾಹಿತಿಯನ್ನು ಬೇರೆಯವರು ಸುಲಭವಾಗಿ ಕದಿಯಬಹುದೆಂದು ಭದ್ರತಾ ತಜ್ಞರು ತೋರಿಸಿಕೊಟ್ಟಾಗ ಕಂಪನಿ ಹಿಂತೆಗೆದುಕೊಂಡು, 2025ರ ಏಪ್ರಿಲ್‌ನಲ್ಲಿ ಬೇಕಾದವರು ಮಾತ್ರ ಆನ್ ಮಾಡಿಕೊಳ್ಳುವಂತೆ ಮತ್ತೆ ತಂದಿತು. ಹೊಸ ಲ್ಯಾಪ್‌ಟಾಪ್ ಬೇಕೇ ಬೇಕಿದ್ದರೆ ಕೊಳ್ಳಿ, ಆದರೆ ಸ್ಟಿಕ್ಕರಿಗಾಗಿ ಬೇಡ.

ಪೆಟ್ಟಿಗೆಯ ಮೇಲೆ ಒಂದು ಸಾಲು

ಈ ಕಥೆಯಲ್ಲಿ ನನಗೆ ಸಿಟ್ಟು ಬರುವುದು ಬೆಂಬಲ ನಿಲ್ಲಿಸಿದ್ದಕ್ಕಲ್ಲ. ಯಾವ ಕಂಪನಿಯೂ ಹಳೆಯ ತಂತ್ರಾಂಶವನ್ನು ಶಾಶ್ವತವಾಗಿ ಸಾಕಲಾರದು. ಹತ್ತು ವರ್ಷ ಸಾಕಿದ್ದು ಸಣ್ಣ ಮಾತೂ ಅಲ್ಲ. ಸಿಟ್ಟು ಬರುವುದು 2019ರಲ್ಲಿ ಹಣ ಕೊಟ್ಟ ತಂದೆಗೆ ಈ ಗಡಿ ಎಲ್ಲಿ ಬೀಳುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ ಎಂಬುದಕ್ಕೆ. ಅರ್ಧ ಲೀಟರ್ ಹಾಲಿನ ಪೊಟ್ಟಣದ ಮೇಲೂ ಯಾವತ್ತಿನೊಳಗೆ ಬಳಸಬೇಕು ಎಂದು ಬರೆದಿರುತ್ತದೆ. ನಲವತ್ತು ಸಾವಿರದ ಲ್ಯಾಪ್‌ಟಾಪಿನ ಮೇಲೆ ಇರುವುದಿಲ್ಲ.

ಇದು ಆಗದ ಮಾತೇನಲ್ಲ. ಇಂಟರ್ನೆಟ್ಟಿಗೆ ಜೋಡಿಸುವ ಬಹುತೇಕ ಸಾಧನಗಳಿಗೆ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು ಎಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಇದೆ. 2025ರ ಜೂನ್‌ನಿಂದ ಯುರೋಪಿಯನ್ ಒಕ್ಕೂಟದ ನಿಯಮ ಫೋನು, ಟ್ಯಾಬ್ಲೆಟ್ಟುಗಳಿಗೆ ಕನಿಷ್ಠ ಐದು ವರ್ಷದ ಅಪ್‌ಡೇಟ್ ಬೇಕೆನ್ನುತ್ತದೆ. ಪೈಪೋಟಿ ಬಿದ್ದಾಗ ಕಂಪನಿಗಳು ತಾವಾಗಿಯೇ ಹೇಳಿದ್ದೂ ಉಂಟು: ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ ಏಳು ವರ್ಷ ಎಂದವು, 2021ರಿಂದೀಚಿನ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ. ನಮ್ಮಲ್ಲಿ ಪೊಟ್ಟಣ ಸರಕುಗಳಿಗೆ 2011ರ ಕಾನೂನುಮಾಪನ ನಿಯಮಗಳಿವೆ. ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ತಯಾರಕರ ವಿಳಾಸ ಮುದ್ರಿಸದೆ ಮಾರುವಂತಿಲ್ಲ. ಅಲ್ಲಿ ಇನ್ನೊಂದು ಸಾಲು ಸೇರಿಸಬೇಕು: 'ಭದ್ರತಾ ಅಪ್‌ಡೇಟ್ ಇಲ್ಲಿಯವರೆಗೆ'. ಫೋನು ಮತ್ತಿತರ ಎಲೆಕ್ಟ್ರಾನಿಕ್ ಸಾಧನಗಳಿಗೆ ರಿಪೇರಿಯ ಸುಲಭತೆಯ ಅಂಕ ಕೊಡುವ ಬಗ್ಗೆ ಕೇಂದ್ರದ ಸಮಿತಿಯೊಂದು 2025ರಲ್ಲಿ ವರದಿ ಕೊಟ್ಟಿದೆ. ಅಂಕದ ಪಕ್ಕದಲ್ಲೇ ಈ ದಿನಾಂಕವೂ ಬರಲಿ.

ಇದು ಬರೀ ಜೇಬಿನ ಪ್ರಶ್ನೆಯೂ ಅಲ್ಲ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ. ಲ್ಯಾಪ್‌ಟಾಪೊಂದು ತನ್ನ ಆಯಸ್ಸಿನಲ್ಲಿ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಬರುವುದು ಅದನ್ನು ತಯಾರಿಸುವಾಗಲೇ, ಆಮೇಲೆ ನಾವು ಸುಡುವ ಕರೆಂಟಿನಿಂದಲ್ಲ. ಕೆಟ್ಟಿಲ್ಲದ ಯಂತ್ರವನ್ನು ಬದಲಿಸಿದಾಗ ಆ ದೊಡ್ಡ ಪಾಲನ್ನು ಮತ್ತೊಮ್ಮೆ ತೆತ್ತಂತಾಗುತ್ತದೆ.

ಪೆಟ್ಟಿಗೆಯ ಮೇಲೆ ಆ ಸಾಲು ಬರುವವರೆಗೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ರ‍್ಯಾಮ್, ಎಸ್‌ಎಸ್‌ಡಿ ಬಿಚ್ಚಿ ಬದಲಿಸಲು ಬರುತ್ತದೋ, ಬೋರ್ಡಿಗೇ ಬೆಸೆದಿದ್ದಾರೋ? ಬ್ಯಾಟರಿ ಮೂರು ವರ್ಷದ ನಂತರ ಸಿಗುತ್ತದೋ? ಅಪ್‌ಡೇಟ್ ಯಾವ ವರ್ಷದವರೆಗೆ? ಕೊನೆಯ ಪ್ರಶ್ನೆಗೆ ಅಂಗಡಿಯವರ ಬಳಿ ಉತ್ತರವಿರುವುದಿಲ್ಲ, ಆದರೂ ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಅವರು ವಿತರಕರನ್ನು ಕೇಳುತ್ತಾರೆ, ವಿತರಕರು ಕಂಪನಿಯನ್ನು. ಉತ್ತರ ಪೆಟ್ಟಿಗೆಯ ಮೇಲೆ ಬಂದ ದಿನ, ನಾಲ್ಕು ವರ್ಷ ನಡೆಯುವ 40 ಸಾವಿರದ ಲ್ಯಾಪ್‌ಟಾಪಿಗಿಂತ ಹತ್ತು ವರ್ಷ ನಡೆಯುವ 50 ಸಾವಿರದ್ದು ಅಗ್ಗ ಎಂದು ತಿಳಿಯಲು ಯಾರೂ ಮನೆಯ ಎಂಜಿನಿಯರಿಂಗ್ ಹುಡುಗರಿಗೆ ಫೋನ್ ಮಾಡಬೇಕಾಗಿಲ್ಲ. ಒಂದು ಭಾಗಾಕಾರ ಸಾಕು.